ಬೂದಿ ಬಣ್ಣದ ಬೀಮು

“ಲಗತ್ತಿಸಿದ ಛಾಯಾಚಿತ್ರದಲ್ಲಿ ಯಾವುದೇ ಹಾನಿ ಕಂಡುಬರುವುದಿಲ್ಲ.”

ಅಮ್ಮನ ಎರಡನೆಯ ಮನವಿಗೆ ಬಂದ ಉತ್ತರದಲ್ಲಿದ್ದುದು ಈ ಒಂದೇ ವಾಕ್ಯ. ಕೆಳಗೆ ಇಂಜಿನಿಯರರ ಸಹಿ, ಸಹಿಯ ಮೇಲೆ ಅರ್ಧಂಬರ್ಧ ಮೂಡಿದ ಮೊಹರು. ಅದನ್ನು ಓದಿದಾಗ ನನ್ನಲ್ಲಿ ಎದ್ದ ಕೋಪವನ್ನು ನಾನು ಇಂದಿಗೂ ಅನ್ಯಾಯದ್ದೆಂದು ಒಪ್ಪುವುದಿಲ್ಲ. ಆದರೆ ಆ ಕೋಪದಲ್ಲಿ ನಾನು ಬರೆದದ್ದರ ಅರ್ಧ ತಪ್ಪಾಗಿತ್ತು. ಯಾವ ಅರ್ಧ ತಪ್ಪು ಎಂದು ನನಗೆ ತೋರಿಸಿಕೊಟ್ಟವರಿಗೆ ನಾನು ಋಣಿ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ ಧನ್ಯವಾದ ಸಾಲದೆನಿಸಿ ಇದನ್ನು ಬರೆಯುತ್ತಿದ್ದೇನೆ.

ಅಮ್ಮ ಅಂಗನವಾಡಿ ಕಾರ್ಯಕರ್ತೆ. ಊರಿನವರಿಗೆಲ್ಲ ಅವಳು ಟೀಚರ್. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ, ಮಾವಿನ ತೋಪುಗಳಿಂದ ಸುತ್ತುವರಿದ ನಮ್ಮೂರಿನಲ್ಲಿ ಅವಳ ಅಂಗನವಾಡಿ ಒಂದೇ ಕೋಣೆಯ ಕಟ್ಟಡ. ಕೋಣೆಯ ಮಧ್ಯದಲ್ಲಿ, ಗೋಡೆಯಿಂದ ಗೋಡೆಗೆ, ಚಾವಣಿಯನ್ನು ಹೊತ್ತಿರುವ ಒಂದು ಕಾಂಕ್ರೀಟ್ ಬೀಮು. ಹಿಂದಿನ ಮಳೆಗಾಲದಲ್ಲಿ ಅದು ಉದ್ದಕ್ಕೆ ಬಿರುಕು ಬಿಟ್ಟಿತು. ಈ ಬೇಸಿಗೆಯಲ್ಲಿ ಒಂದು ಕಡೆ ಗಾರೆ ಉದುರಿ ಒಳಗಿನ ಕಬ್ಬಿಣದ ಸರಳು ಕಾಣತೊಡಗಿತು. ಅದರ ಕೆಳಗೆ, ಮಧ್ಯಾಹ್ನದ ಊಟವಾದ ಮೇಲೆ, ಹದಿನೆಂಟು ಮಕ್ಕಳು ಮಲಗುತ್ತಾರೆ. ಮೂರು ವರ್ಷದವು, ನಾಲ್ಕು ವರ್ಷದವು. ಬಾಯಿ ತೆರೆದುಕೊಂಡು ಅಂಗಾತ ಮಲಗುವ ವಯಸ್ಸಿನವು.

ತೋಪುಗಳಲ್ಲಿ ಕಾಯಿ ಇಳಿಸುವ ಕೆಲಸ ಮುಗಿಯುತ್ತ ಬಂದಿತ್ತು. ಮಳೆ ಹಿಡಿದುಕೊಳ್ಳುವ ಮೊದಲು ಮಕ್ಕಳನ್ನು ಆ ಕೋಣೆಯಿಂದ ಬಿಡಿಸಬೇಕು: ಅಮ್ಮ ಕೇಳಿದ್ದು ಇಷ್ಟನ್ನೇ. ಪಕ್ಕದ ಸರ್ಕಾರಿ ಶಾಲೆಯಲ್ಲಿ ಒಂದು ಕೋಣೆ ಖಾಲಿಯೂ ಇತ್ತು. ಆದರೆ ಆದೇಶವಿಲ್ಲದೆ ಅಂಗನವಾಡಿಯನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸರಿಸುವ ಅಧಿಕಾರ ಅವಳಿಗಿರಲಿಲ್ಲ. ಆದೇಶಕ್ಕೆ ವರದಿ ಬೇಕು, ವರದಿಗೆ ಫೋಟೋ ಬೇಕು.

ಆ ಫೋಟೋ ತೆಗೆದವಳು ನಾನು.

ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ ಕೋಲಾರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಹೊಸ ಫೋನು ಕೊಂಡಿದ್ದೆ. ಅಂಗನವಾಡಿಯ ಒಳಗೆ ಮಬ್ಬುಗತ್ತಲೆ, ಇರುವ ಒಂದೇ ಕಿಟಕಿಯ ಹೊರಗೆ ಸುಡುವ ಬಿಸಿಲು. ಸಾಧಾರಣ ಫೋಟೋದಲ್ಲಿ ಕಿಟಕಿ ಬಿಳಿ ಬಟ್ಟೆಯಂತೆ ಕಾಣುತ್ತದೆ, ಇಲ್ಲವೇ ಬೀಮು ಕಪ್ಪಾಗುತ್ತದೆ. ನನ್ನ ಫೋನಿನಲ್ಲಿ ಎಚ್‌ಡಿಆರ್ ಇತ್ತು. ಒಮ್ಮೆ ಒತ್ತಿದರೆ ಕತ್ತಲಿಗೊಂದು ಬೆಳಕಿಗೊಂದು ಎಂದು ಹಲವು ಚಿತ್ರಗಳನ್ನು ತೆಗೆದು, ಎಲ್ಲವನ್ನೂ ಸೇರಿಸಿ ಒಂದು ಮಾಡುತ್ತದೆ. ಕಿಟಕಿಯಾಚೆಯ ಮಾವಿನ ಎಲೆಗಳು ಬಿಸಿಲಿಗೆ ಮಿನುಗುತ್ತಿದ್ದವು. ಒಳಗೆ ಬಿರುಕಿನ ಅಂಚಿನ ಮರಳಿನ ಕಣಗಳನ್ನು ಎಣಿಸಬಹುದಿತ್ತು. ನಾನು ಅದನ್ನು ಇನ್ನಷ್ಟು ತಿದ್ದಿದೆ, ಹೊಳಪು ಏರಿಸಿದೆ, ‘ಅತ್ಯುತ್ತಮ ಗುಣಮಟ್ಟ’ ಎಂದು ಬರೆದಿದ್ದ ಹೊಸ ಮಾದರಿಯ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದೆ. ಇಲಾಖೆಯ ಜಾಲತಾಣ ಅದನ್ನು ಒಪ್ಪಲಿಲ್ಲ, ಜೆಪೆಗ್ ಬೇಕೆಂದಿತು. ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಪುಕ್ಕಟೆ ಪರಿವರ್ತಕಕ್ಕೆ ಹಾಕಿ ಜೆಪೆಗ್ ಮಾಡಿ ಕಳಿಸಿದೆ. ಕಳಿಸುವ ಮೊದಲು ಅದನ್ನು ತೆರೆದು ನೋಡಲಿಲ್ಲ.

ನೋಡದೆ ಕಳಿಸಿದವಳು, ನೋಡಲಿಲ್ಲವೆಂದು ಇನ್ನೊಬ್ಬರ ಮೇಲೆ ಹರಿಹಾಯ್ದೆ. ಉತ್ತರ ಬಂದ ದಿನವೇ ಫೇಸ್‌ಬುಕ್ಕಿನಲ್ಲಿ ಬರೆದೆ: ಈ ಇಂಜಿನಿಯರರು ಬಿರುಕನ್ನು ಕಂಡೂ ಸುಳ್ಳು ಹೇಳಿದ್ದಾರೆ, ಹದಿನೆಂಟು ಮಕ್ಕಳ ತಲೆಯ ಮೇಲೆ ಕೂತು ಸಹಿ ಹಾಕಿದ್ದಾರೆ, ಇದಕ್ಕೆ ಅವರು ಉತ್ತರ ಕೊಡಬೇಕು. ನನ್ನ ಫೋನಿನಲ್ಲಿದ್ದ ಫೋಟೋವನ್ನೂ ಜೊತೆಗೆ ಹಾಕಿದೆ. ಊರಿನವರು, ಕಾಲೇಜಿನವರು, ನನಗೆ ಗೊತ್ತೇ ಇಲ್ಲದವರು ಅದನ್ನು ಹಂಚಿಕೊಂಡರು.

ಅಮ್ಮ ಮಾತ್ರ ಭಾನುವಾರ ಅದನ್ನು ಓದಿ ಮುಗಿಸಿ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

“ಸುಳ್ಳು ಅಂತ ಬರ್ದಿದೀಯ. ಅವರ ಮುಂದೆ ಕೂತು ಕೇಳಿದ್ಯೇನೇ?”

“ಕೇಳೋದೇನಿದೆ ಅಮ್ಮ? ಫೋಟೋ ಇಲ್ವಾ?”

“ನಾಳೆ ನನ್ಜೊತೆ ಬಾ. ಕೇಳೋಣ. ನಿನ್ನ ಫೇಸ್‌ಬುಕ್ಕು ಬೀಮನ್ನ ಹಿಡ್ಕೊಳಲ್ಲ.”

ಇಂಜಿನಿಯರರಿಗೆ ಐವತ್ತರ ಆಸುಪಾಸು. ಮೇಜಿನ ಮೇಲೆ ಕಡತಗಳ ನಡುವೆ ಊಟದ ಡಬ್ಬಿ. ನಾನು ಯಾರೆಂದು ಅವರಿಗೆ ಆಗಲೇ ಗೊತ್ತಿತ್ತು. ಕುಳಿತುಕೊಳ್ಳಿ ಎನ್ನಲಿಲ್ಲ. ತಮ್ಮ ಕಂಪ್ಯೂಟರಿನ ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಕಡೆ ತಿರುಗಿಸಿದರು.

“ನೀವೇ ನೋಡಮ್ಮ. ಇದ್ರಲ್ಲಿ ಏನಿದೆ ಅಂತ ನಾನು ಬರೀಲಿ, ಹೇಳಿ.”

ಪರದೆಯ ಮೇಲೆ ಬೂದಿ ಇತ್ತು. ಬೀಮು ಬೂದಿ, ಗೋಡೆ ಬೂದಿ, ಕಿಟಕಿಯೂ ಬೂದಿ. ಒಲೆಯ ಹೊಗೆ ತುಂಬಿದ ಕೋಣೆಯನ್ನು ಬಾಗಿಲಲ್ಲಿ ನಿಂತು ನೋಡಿದಂತಿತ್ತು. ನನ್ನ ಫೋನಿನಲ್ಲಿ ಬೆರಳು ತೂರಿಸಬಹುದು ಎನ್ನಿಸುತ್ತಿದ್ದ ಬಿರುಕು ಅಲ್ಲಿ ಸುಣ್ಣದ ಕುಂಚ ಬಿಟ್ಟುಹೋದ ಮಂಕು ಗೆರೆಯಂತಿತ್ತು.

“ಇದು ನಾನು ತೆಗೆದದ್ದಲ್ಲ” ಎಂದೆ.

“ಟೀಚರ್ ಹೆಸರಲ್ಲೇ ಬಂದಿದೆ. ತಾರೀಕೂ ಇದೆ.”

ನಾನು ಫೋನು ತೆಗೆದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಅಲ್ಲಿಯವರೆಗೆ ಇದ್ದ ಬಿಗುವು ಅವರ ಮುಖದಿಂದ ಹೋಯಿತು.

“ಅಯ್ಯೋ, ಸರಳು ಕಾಣ್ತಿದೆಯಲ್ಲ ಟೀಚರ್!”

“ಅದನ್ನೇ ಸರ್ ನಾನು ಎರಡು ಸಲ ಬರೆದಿದ್ದು” ಎಂದಳು ಅಮ್ಮ.

“ಹಾಗಾದರೆ ಒಮ್ಮೆ ಬಂದು ನೋಡಬಹುದಿತ್ತಲ್ಲ ಸರ್? ಫೋಟೋ ಮಸುಕಾಗಿದ್ದರೆ ‘ಫೋಟೋ ಮಸುಕಾಗಿದೆ’ ಎಂದು ಬರೆಯಬೇಕು. ‘ಹಾನಿ ಇಲ್ಲ’ ಎಂಬ ಅರ್ಥ ಬರುವಂತೆ ಯಾಕೆ ಬರೆದಿರಿ?” ನಾನು ಕೇಳಿದೆ. ಧ್ವನಿ ಏರಿತ್ತು; ಆ ಪ್ರಶ್ನೆಯ ಮಟ್ಟಿಗೆ ಅದನ್ನು ಇಳಿಸುವ ಅಗತ್ಯ ನನಗೆ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ.

ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದ್ದು ಇದು: ಗುರುವಾರ ದುರಸ್ತಿ ಕೆಲಸಗಳ ಸಭೆ. ತುರ್ತು ಯಾವುದು, ಕಾಯಬಹುದಾದದ್ದು ಯಾವುದು ಎಂದು ಅಲ್ಲಿ ತೀರ್ಮಾನ. ಪ್ರತಿ ಕಟ್ಟಡದ ಫೋಟೋವನ್ನು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಹಾಕುತ್ತಾರೆ, ಮೇಲಧಿಕಾರಿ ನೋಡಿ ಹೇಳುತ್ತಾರೆ. “ಅಲ್ಲಿ ನಿಮ್ಮ ಫೋನನ್ನ ಕೈಯಿಂದ ಕೈಗೆ ದಾಟಿಸೋಕಾಗಲ್ಲ. ಬುಧವಾರ ಸಂಜೆಯೊಳಗೆ ಬೇರೆ ಫೋಟೋ ಕೊಡಿ, ಸೇರಿಸ್ತೀನಿ. ಈ ಪಟ್ಟಿ ತಪ್ಪಿದ್ರೆ ಮುಂದಿನದು ಮಳೆ ಆದ್ಮೇಲೇನೆ.”

ಅಂದು ಸೋಮವಾರ.

ಮುಳಬಾಗಿಲಿನ ಪೇಟೆಯಲ್ಲಿ ನನ್ನ ಹತ್ತನೇ ತರಗತಿಯ ಹಾಲ್‌ಟಿಕೆಟ್ಟಿಗೆ ಫೋಟೋ ತೆಗೆದಿದ್ದ ಸ್ಟುಡಿಯೋ ಇದೆ. ಅದನ್ನು ನಡೆಸುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಮನೆಮಾತು ತೆಲುಗು, ಅಂಗಡಿಯ ಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಮದುವೆ ಆಲ್ಬಮ್ಮುಗಳನ್ನು ಅವರೇ ಕೂತು ತಿದ್ದುತ್ತಾರೆ. ಕಛೇರಿಯಿಂದ ನೇರ ಅಲ್ಲಿಗೆ ಹೋಗಿ, ಅವರ ಮೇಜಿನ ಮುಂದೆ ಕುಳಿತು ನಾನು ಇಲಾಖೆ, ಹೊಣೆಗಾರಿಕೆ, ತಂತ್ರಜ್ಞಾನದ ಅಸಮಾನತೆ ಎಂದು ಏನೇನೋ ಹೇಳುತ್ತಿದ್ದೆ. ಅವರು ಕೈ ನೀಡಿದರು.

“ಭಾಷಣ ಆಮೇಲೆ. ಫೈಲು ಇವ್ವು ಮೊದಲು.”

ಎರಡೂ ಫೈಲುಗಳನ್ನು ತೆರೆದು ಅಕ್ಕಪಕ್ಕ ಇಟ್ಟರು. ನಕ್ಕರು.

“ಇಷ್ಟೇನಾ? ಹೋದ ವರ್ಷ ಒಂದು ಮದುಮಗಳು ಹೀಗೇ ಬೂದಿಯಾಗಿದ್ಳು. ಅವಳ ಅತ್ತೆ ನನ್ನ ಅಂಗಡಿ ಮುಂದೆ ನಿಂತು ಊರೆಲ್ಲ ಕೇಳೋ ಹಾಗೆ ಬೈದ್ಲು. ಚೂಡಮ್ಮಾ, ಇಲ್ಲಿ ನೋಡು.”

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಚ್‌ಡಿಆರ್ ಫೈಲಿನಲ್ಲಿ ಬೆಳಕಿನ ಅಂಕಿಗಳ ಜೊತೆಗೆ, ಆ ಅಂಕಿಗಳನ್ನು ಓದುವ ಬಗೆ ಯಾವುದು ಎಂಬ ಸಣ್ಣ ಸೂಚನೆಯೂ ಇರುತ್ತದೆ. ನಾನು ಬಳಸಿದ ಪರಿವರ್ತಕ ಆ ಸೂಚನೆಯನ್ನು ಕಿತ್ತುಹಾಕಿ ಅಂಕಿಗಳನ್ನಷ್ಟೇ ಉಳಿಸಿತ್ತು. ಸೂಚನೆ ಇಲ್ಲದ ಫೈಲನ್ನು ಕಛೇರಿಯ ಕಂಪ್ಯೂಟರು ತನಗೆ ಗೊತ್ತಿದ್ದ ಹಳೆಯ ರೀತಿಯಲ್ಲಿ ಓದಿತು. ಕಪ್ಪು ಕಪ್ಪಾಗಲಿಲ್ಲ, ಬಿಳಿ ಬಿಳಿಯಾಗಲಿಲ್ಲ. ನನ್ನ ತಪ್ಪು ಅದಕ್ಕೂ ಮೊದಲೇ ಶುರುವಾಗಿತ್ತು. ಹೊಸ ಫೋನಿನ ಪ್ರಖರ ಪರದೆಯನ್ನೇ ನೋಡುತ್ತ ತಿದ್ದಿದ್ದರಿಂದ, ಅಷ್ಟು ಬೆಳಕು ಕೊಡಲಾಗದ ಪರದೆಯಲ್ಲಿ ಏನು ಉಳಿಯುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

“ಮೊದಲು ಸಾದಾ ಪರದೆಗೆ ಮಾಡ್ಬೇಕು” ಎಂದರು ಅಕ್ಕ. “ಅದ್ರಲ್ಲಿ ಬಿರುಕು ಕಾಣಬೇಕು. ಆಮೇಲೆ ಅದರ ಜೊತೆಗೇ ಎಲ್ಲೆಲ್ಲಿ ಎಷ್ಟು ಬೆಳಕು ಏರಿಸ್ಬೇಕು ಅನ್ನೋ ನಕ್ಷೆ ಒಂದು ಸೇರಿಸಿ ಎಕ್ಸ್‌ಪೋರ್ಟ್ ಮಾಡೋದು. ಹಳೇ ಪರದೆ ಸಾದಾ ಫೋಟೋನ ತೋರಿಸುತ್ತೆ, ಹೊಸದು ನಕ್ಷೆ ಓದ್ಕೊಂಡು ಹೊಳಪು ಏರಿಸ್ಕೊಳುತ್ತೆ. ಫೈಲು ಒಂದೇ, ಜೆಪೆಗ್ಗೇ. ನೀನು ಇದನ್ನ ತಲೆಕೆಳಗು ಮಾಡಿದೀಯ.”

ಅವರು ಹಳೆಯ ಫೋಟೋವನ್ನೇ ಸಾದಾ ಪರದೆಗೆ ಹೊಂದಿಸತೊಡಗಿದರು. ಬೀಮು ತಿಳಿಯಾಗುತ್ತಿದ್ದಂತೆ ಕಿಟಕಿ ಪೂರ್ತಿ ಬೆಳ್ಳಗಾಯಿತು. ಮಾವಿನ ಎಲೆಗಳು ಹೋದವು. ನಾನು ತಡೆಯಲಾಗದೆ ಹೇಳಿಬಿಟ್ಟೆ: “ಅಕ್ಕ, ಕಿಟಕಿ ಹಾಳಾಯ್ತು.”

“ಆಗ್ಲಿ ಬಿಡು. ಕಿಟಕಿ ಏನು ಮಕ್ಕಳ ಮೇಲೆ ಬೀಳುತ್ತಾ?”

ನಾನು ಉಳಿಸಿಕೊಳ್ಳಲು ಹೊರಟಿದ್ದು ನನ್ನ ಫೋಟೋದ ಚಂದವನ್ನು. ಬಿರುಕಿನ ಸಾಕ್ಷಿ ಎಂದು ಕಳಿಸಿದ್ದರಲ್ಲಿ ಅರ್ಧದಷ್ಟು ನನ್ನ ಕೌಶಲದ ಪ್ರದರ್ಶನವಿತ್ತು. ಅದನ್ನು ಯಾವ ಪ್ರಾಧ್ಯಾಪಕರೂ ನನಗೆ ಹೇಳಿರಲಿಲ್ಲ.

ಆದರೂ ಆ ಫೋಟೋ ಸಾಲದು ಎಂದರು ಅಕ್ಕ. ಮದುವೆ ಮಂಟಪಗಳಲ್ಲಿ ಹಗಲು ಹೊತ್ತು ವಿಡಿಯೋ ತೋರಿಸಿ ಅವರಿಗೆ ಅನುಭವವಿತ್ತು. “ಬೆಳಕಿರೋ ಹಾಲಲ್ಲಿ ಪ್ರೊಜೆಕ್ಟರಿಗೆ ಕಪ್ಪು ಅನ್ನೋದೇ ಗೊತ್ತಿಲ್ಲ. ಕಪ್ಪಿರೋ ಜಾಗಕ್ಕೆ ಗೋಡೆ ಬಣ್ಣನೇ ಬರೋದು. ನಿನ್ನ ಬಿರುಕು ಕಪ್ಪು, ಸುತ್ತ ಇರೋ ಬೀಮೂ ಕಪ್ಪು. ಹೇಗೆ ಕಾಣುತ್ತೆ? ಬೀಮಿನ ಮೇಲೆ ಪಕ್ಕದಿಂದ ಬ್ಯಾಟರಿ ಲೈಟು ಬಿಟ್ಟು ತೆಗಿ. ಪಕ್ಕದಲ್ಲಿ ಅಳತೆಗೆ ಏನಾದ್ರೂ ಇಡು. ಇಲ್ಲಾಂದ್ರೆ ಅದು ಬಿರುಕೋ ಜೇಡರ ಬಲೆಯೋ ಅಂತಾರೆ.”

“ನೀವೇ ಬಿರುಕನ್ನು ಸ್ವಲ್ಪ ಗಾಢ ಮಾಡಿಬಿಟ್ಟರೆ?”

ಅಕ್ಕ ಮೌಸಿನಿಂದ ಕೈ ತೆಗೆದರು. “ಮದುಮಗಳ ಕೆನ್ನೆ ಮೇಲಿನ ಗಾಯಾನ ನಾನು ಎರಡು ನಿಮಿಷದಲ್ಲಿ ಅಳಿಸ್ತೀನಿ. ಬಿರುಕನ್ನ ಬರೆಯೋಕೂ ಅಷ್ಟೇ ಹೊತ್ತು ಸಾಕು. ಅದಕ್ಕೇ ಮುಟ್ಟಲ್ಲ. ನಾಳೆ ಯಾರಾದ್ರೂ ಬಂದು ಬೀಮು ನೋಡಿದ್ರೆ ಫೋಟೋದಲ್ಲಿರೋದೇ ಇರ್ಬೇಕು. ಬೆಳಕು ಏರಿಸು, ಇಳಿಸು, ಗೆರೆ ಎಳೀಬೇಡ. ಮೂಲ ಫೈಲನ್ನ ಜೋಪಾನವಾಗಿ ಇಟ್ಕೋ, ಕೇಳಿದ್ರೆ ಕೊಡು.”

ಮರುದಿನ ಬೆಳಿಗ್ಗೆ ಮಕ್ಕಳು ಬರುವ ಮೊದಲು ನಾನೂ ಅಮ್ಮನೂ ಅಂಗನವಾಡಿಯಲ್ಲಿದ್ದೆವು. ಶಾಲೆಯಿಂದ ಎರವಲು ತಂದ ಮೇಜಿನ ಮೇಲೆ ಅಮ್ಮ ಹತ್ತಿದಳು. ಒಂದು ಕೈಯಲ್ಲಿ ಮರದ ಸ್ಕೇಲನ್ನು ಬಿರುಕಿಗೆ ತಾಗಿಸಿ, ಇನ್ನೊಂದರಲ್ಲಿ ಬ್ಯಾಟರಿಯನ್ನು ಬೀಮಿನ ಪಕ್ಕಕ್ಕೆ ಹಿಡಿದಳು. ಬೆಳಕು ಓರೆಯಾಗಿ ಹರಿದೊಡನೆ ಬಿರುಕಿನ ಒಂದು ಅಂಚು ಬೆಳಗಿ ಇನ್ನೊಂದು ಅಂಚು ಆಳಕ್ಕೆ ಇಳಿಯಿತು. ಅಲ್ಲಿಯವರೆಗೆ ನಾನು ಅದನ್ನು ನಿಜವಾಗಿ ನೋಡಿರಲಿಲ್ಲ ಎನ್ನಿಸಿತು.

“ಕೈ ನೋಯ್ತಿದೆ, ಬೇಗ ತೆಗಿಯೇ.”

“ಅಲ್ಲಾಡಬೇಡಮ್ಮ. ಇನ್ನೊಂದು.”

“ನಿನ್ನ ಕೋಪಾನೇ ಫೋಟೋ ತೆಗೆದು ಕಳಿಸಿದ್ರೆ ಆಗಿರೋದು. ಅದು ಯಾವ ಪರದೇಲಿ ಹಾಕಿದ್ರೂ ಚೆನ್ನಾಗಿ ಕಾಣುತ್ತೆ.”

ಇಬ್ಬರೂ ನಕ್ಕೆವು. ಮೇಜು ಅಲ್ಲಾಡಿತು. ಮೇಲಿನಿಂದ ಒಂದು ಚಿಟಿಕೆ ಗಾರೆಪುಡಿ ಅಮ್ಮನ ತಲೆಗೂದಲ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು. ಅವಳು ಕೆಳಗಿಳಿದು ಸೆರಗಿನಿಂದ ತಲೆ ಒರೆಸಿಕೊಂಡು, ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದಳು. ಮಕ್ಕಳು ಬರುವ ಹೊತ್ತಾಗಿತ್ತು.

ಬುಧವಾರ ಮಧ್ಯಾಹ್ನ ಅಕ್ಕನ ಅಂಗಡಿಯಲ್ಲಿ ಎರಡು ಫೋಟೋಗಳು ಸಿದ್ಧವಾದವು: ಬೀಮು ಕೋಣೆಯ ಯಾವ ಭಾಗದಲ್ಲಿದೆ ಎಂದು ತೋರಿಸುವುದೊಂದು, ಬಿರುಕನ್ನು ಸ್ಕೇಲಿನೊಡನೆ ಹತ್ತಿರದಿಂದ ತೋರಿಸುವುದೊಂದು. ಕೆಲಸ ಮುಗಿಯಿತೆಂದು ನಾನು ಎದ್ದೆ. “ಎಲ್ಲಿಗೆ? ಇನ್ನೂ ಭಾಯ್ ನೋಡ್ಬೇಕು” ಎಂದರು ಅಕ್ಕ.

ಇದು ಅವರ ಪದ್ಧತಿ. ಪಕ್ಕದ ಅಂಗಡಿಯಲ್ಲಿ ಭಾಯ್ ಹಳೆಯ ಫೋನುಗಳನ್ನು ರಿಪೇರಿ ಮಾಡಿ ಮಾರುತ್ತಾರೆ. ಅಕ್ಕನ ಅಂಗಡಿಯಿಂದ ಯಾವ ಮದುವೆಯ ಫೋಟೋವೂ ಭಾಯ್ ಅಂಗಡಿಯ ಗಾಜಿನ ಕಪಾಟನ್ನು ದಾಟದೆ ಹೊರಗೆ ಹೋಗುವುದಿಲ್ಲ.

“ಭಾಯ್, ನಿನ್ನ ರೋಗಿಗಳನ್ನೆಲ್ಲ ಹೊರಗೆ ತೆಗಿ.”

“ಇವತ್ತು ಯಾರ್ ಶಾದಿ ಅಕ್ಕ?”

“ಶಾದಿ ಅಲ್ಲ, ಬೀಮು.”

“ಬೀಮು? ಯಾರ್ ಕಡೆಯವ್ರು, ಹುಡುಗನ ಕಡೆನಾ?” ಎನ್ನುತ್ತಲೇ ಭಾಯ್ ಆರು ಫೋನುಗಳನ್ನು ಸಾಲಾಗಿ ಜೋಡಿಸಿದರು. ಒಂದರ ಪರದೆ ಹಳದಿ, ಒಂದರದು ನೀಲಿ, ಒಂದರ ಹೊಳಪು ಎಷ್ಟು ಏರಿಸಿದರೂ ಸಂಜೆಯಷ್ಟೇ. ಎಲ್ಲದಕ್ಕೂ ಫೋಟೋ ಹೋಯಿತು. ನನ್ನ ಹೊಸ ಫೋನಿನಲ್ಲಿ ಬ್ಯಾಟರಿಯ ಬೆಳಕು ಕಣ್ಣಿಗೆ ಹೊಡೆಯುವಂತೆ ಹೊಳೆಯಿತು. ಹಳದಿಯಲ್ಲಿ, ನೀಲಿಯಲ್ಲಿ ಆ ಹೊಳಪು ಇರಲಿಲ್ಲ, ಬಿರುಕು ಮಾತ್ರ ಇತ್ತು. ಮಂಕು ಫೋನಿನಲ್ಲಿ ಅದು ಅನುಮಾನವಾಗಿತ್ತು.

ಭಾಯ್ ಅದನ್ನು ಬಿಸಿಲಿಗೆ ಹಿಡಿದು ತಲೆಯಾಡಿಸಿದರು. “ಇದ್ರಲ್ಲಿ ಸರಿಯಾಗಿ ಕಾಣ್ತಿಲ್ಲ ಅಕ್ಕ. ನಿಮ್ಮ ಆಫೀಸರ್ ಹತ್ರ ಇದೇ ಫೋನ್ ಇದ್ರೆ?”

ಅಕ್ಕ ಒಳಗೆ ಹೋಗಿ ಬೀಮಿನ ಮೈಯನ್ನು ಇನ್ನೊಂದಿಷ್ಟು ಬೆಳಗಿಸಿ, ಫೋಟೋದ ಅಳತೆಯನ್ನು ಪರದೆಗೆ ತಕ್ಕಂತೆ ಇಳಿಸಿ, ಅಂಚುಗಳನ್ನು ಸ್ವಲ್ಪ ಚುರುಕು ಮಾಡಿ ಮತ್ತೆ ಕಳಿಸಿದರು. ಮತ್ತೆ ಭಾಯ್ ಬಿಸಿಲಿಗೆ ಹಿಡಿದರು. ಮೂರನೆಯ ಸಲಕ್ಕೆ “ಹಾಂ, ಈಗ ಭಯ ಆಗುತ್ತೆ” ಎಂದರು. ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನ್ನ ಯಾವ ಕೆಲಸಕ್ಕೂ ಸಿಕ್ಕಿಲ್ಲ. ಅಕ್ಕ ಫೈಲುಗಳ ಜೊತೆಗೆ ಎರಡು ಕಾಗದದ ಪ್ರಿಂಟನ್ನೂ ಕೊಟ್ಟರು. “ಕರೆಂಟು ಹೋದ್ರೆ ಇದೇ ಪರದೆ.”

ಗುರುವಾರದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಲು ಇಂಜಿನಿಯರರು ನಮಗೆ ಅನುಮತಿ ಕೊಡಿಸಿದ್ದರು. ಅದಕ್ಕೂ ನಾನು ಕೃತಜ್ಞಳು. ನಾನು ಅವರ ಬಗ್ಗೆ ಬರೆದದ್ದು ಆಗಿನ್ನೂ ಹಾಗೇ ಇತ್ತು. ಸಭಾಂಗಣದ ಒಂದು ಕಿಟಕಿಯ ಪರದೆ ಹರಿದು ಬಿಸಿಲು ನೇರ ಗೋಡೆಗೆ ಬೀಳುತ್ತಿತ್ತು. ಕಟ್ಟಡಗಳು ಒಂದರ ಹಿಂದೊಂದು ಗೋಡೆಯ ಮೇಲೆ ಬಂದುಹೋದವು. ಸೋರುವ ಚಾವಣಿ, ಮುರಿದ ಬಾಗಿಲು, ಏನೆಂದು ತಿಳಿಯದ ಇನ್ನೇನೋ. ತಿಳಿಯದಿದ್ದಾಗಲೆಲ್ಲ ಮೇಲಧಿಕಾರಿ “ಮುಂದೆ” ಎನ್ನುತ್ತಿದ್ದರು. ಹಾಗೆ ಮುಂದೆ ಹೋದ ಪ್ರತಿಯೊಂದರ ಕೆಳಗೂ ಯಾರೋ ಕುಳಿತಿರುತ್ತಾರಲ್ಲ ಎಂದು ನನಗನ್ನಿಸಿತು. ಅಮ್ಮ ಪ್ರಿಂಟುಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದಿದ್ದಳು.

ನಮ್ಮ ಬೀಮು ಬಂತು. ಕಿಟಕಿ ಬರೀ ಬಿಳುಪು. ಆ ಬಿಸಿಲು ಬಿದ್ದ ಗೋಡೆಯ ಮೇಲೂ ಬಿರುಕು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದಿತ್ತು. ಪಕ್ಕದಲ್ಲಿ ಸ್ಕೇಲು, ಸ್ಕೇಲು ಹಿಡಿದ ಅಮ್ಮನ ಬೆರಳುಗಳು.

ಮೇಲಧಿಕಾರಿ “ಮುಂದೆ” ಎನ್ನಲಿಲ್ಲ. “ಇದರ ಕೆಳಗೆ ಏನು ನಡೆಯುತ್ತೆ?” ಎಂದು ಕೇಳಿದರು.

ಇಂಜಿನಿಯರರು ಹಿಂದೆ ತಿರುಗಿ ಅಮ್ಮನ ಕಡೆ ನೋಡಿದರು. ಅಮ್ಮ ಎದ್ದು ನಿಂತಳು. “ಮಕ್ಕಳು ಮಲಗ್ತಾರೆ ಮೇಡಂ.”

“ಇವತ್ತೂ ಮಲಗ್ತಾರಾ?”

“ಆದೇಶ ಬರೋವರೆಗೂ ಅಲ್ಲೇ ಮಲಗ್ಬೇಕು ಮೇಡಂ.”

ಆಮೇಲೆ ಆದೇಶ ಬಾಯಿಮಾತಿನಲ್ಲಿ ಬಂತು, ಸಂಜೆಗೆ ಕಾಗದದಲ್ಲೂ ಬಂತು: ನಾಳೆಯೇ ಶಾಲೆಯ ಖಾಲಿ ಕೋಣೆಗೆ ಸ್ಥಳಾಂತರ, ನಾಳೆಯೇ ಸ್ಥಳ ಪರಿಶೀಲನೆ.

ಆ ಸಂಜೆ ನಾನು ಫೇಸ್‌ಬುಕ್ಕಿನಲ್ಲಿ ಮತ್ತೆ ಬರೆದೆ. ಇಂಜಿನಿಯರರು ಸುಳ್ಳು ಹೇಳಿದರೆಂಬ ನನ್ನ ಆರೋಪ ತಪ್ಪು, ನಾನು ಕಳಿಸಿದ ಫೋಟೋದಲ್ಲಿ ಬಿರುಕು ಕಾಣುತ್ತಿರಲಿಲ್ಲ, ಕಳಿಸುವ ಮೊದಲು ನಾನು ಅದನ್ನು ನೋಡಿರಲಿಲ್ಲ, ಕ್ಷಮೆ ಕೇಳುತ್ತೇನೆ. ಎರಡನೆಯ ಪ್ಯಾರಾದಲ್ಲಿ ಹೀಗೆ ಬರೆದೆ: ಒಬ್ಬ ಕಾರ್ಯಕರ್ತೆ ಎರಡು ಬಾರಿ ಪತ್ರ ಬರೆದಾಗ, ಫೋಟೋ ಕಾಣದಿದ್ದರೆ ಮನುಷ್ಯರು ಹೋಗಿ ನೋಡಬೇಕು, ಪರದೆಯನ್ನು ನೋಡಿ ಸಹಿ ಹಾಕುವ ಪದ್ಧತಿಗೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆರೋಪವನ್ನು ಹಂಚಿಕೊಂಡವರಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ಕ್ಷಮೆಯನ್ನು ಹಂಚಿಕೊಂಡರು. ಅದು ಅವರವರ ಹೊಣೆ.

ಶುಕ್ರವಾರ ಬೆಳಿಗ್ಗೆ ಇಂಜಿನಿಯರರು ಬಂದರು. ಮಕ್ಕಳನ್ನು ಅಮ್ಮ ಆಗಲೇ ಶಾಲೆಯ ಕೋಣೆಯಲ್ಲಿ ಕೂರಿಸಿದ್ದಳು. ಅವರು ಒಬ್ಬರೇ ಒಳಗೆ ಹೋಗಿ ಬಿದಿರು ಗಳುವಿನ ತುದಿಯಿಂದ ಬೀಮನ್ನು ತಟ್ಟುತ್ತ ಬಂದರು. ಮೂರನೆಯ ತಟ್ಟಿಗೆ ಊಟದ ತಟ್ಟೆಯಗಲದ ಗಾರೆ ಕಳಚಿ ನೆಲಕ್ಕೆ ಬಿದ್ದು ಚೂರಾಯಿತು. ಸದ್ದು ಕೇಳಿ ನಾವು ಬಾಗಿಲಿಗೆ ಓಡಿದೆವು. ಅವರು ಧೂಳಿನ ನಡುವೆ ನಿಂತು ತುಕ್ಕು ಹಿಡಿದ ಸರಳನ್ನು ನೋಡುತ್ತಿದ್ದರು.

“ಮೊದಲನೇ ಪತ್ರಕ್ಕೇ ಬರ್ಬೇಕಿತ್ತು ಟೀಚರ್” ಎಂದರು. ಆ ಮಾತನ್ನು ಅವರೇ ತಮ್ಮ ವರದಿಯಲ್ಲೂ ಬರೆದರು: ಮೊದಲ ಮನವಿಯ ಸಂದರ್ಭದಲ್ಲಿ ಸ್ಥಳ ಪರಿಶೀಲನೆ ಮಾಡಿರುವುದಿಲ್ಲ. ಕಛೇರಿಯ ಕಡತದಲ್ಲಿ ಒಬ್ಬ ಅಧಿಕಾರಿ ತನ್ನ ಬಗ್ಗೆ ತಾನೇ ಬರೆದ ಅಂಥ ವಾಕ್ಯವನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನನ್ನ ಕಡೆ ತಿರುಗಿ, “ನೀವು ಬರೆದಿದ್ದು ಓದ್ದೆ. ಎರಡನೇ ಪ್ಯಾರಾ ಇನ್ನೂ ಖಾರವಾಗೇ ಇದೆ” ಎಂದರು.

“ಅದು ಹಾಗೇ ಇರುತ್ತೆ ಸರ್.”

“ಇರ್ಲಿ ಬಿಡಿ.”

ಒಳಗೆ ಉಳಿದಿದ್ದ ಸಾಮಾನುಗಳನ್ನು ಸಾಗಿಸಬೇಕಿತ್ತು. ಆ ಕೋಣೆಯೊಳಗೆ ಇನ್ನು ಯಾರೂ ಕಾಲಿಡಬಾರದೆಂದು ಹೇಳಿ, ಅವರೇ ಗೋಡೆಯಂಚಿನಲ್ಲಿ ನಡೆಯುತ್ತ ಒಂದೊಂದಾಗಿ ಹೊರಗೆ ತಂದರು: ಪಾತ್ರೆಗಳು, ಅಕ್ಷರಮಾಲೆಯ ಪಟ, ಆಟದ ಸಾಮಾನಿನ ಬುಟ್ಟಿ. ಕೊನೆಗೆ ಮಕ್ಕಳನ್ನು ತೂಗುವ ಯಂತ್ರವನ್ನು ಎದೆಗವಚಿಕೊಂಡು, ಅಂಗಿಯ ತುಂಬ ಗಾರೆಪುಡಿಯೊಡನೆ, ಶಾಲೆಯ ಕೋಣೆಯ ಹೊಸಿಲಲ್ಲಿ ನಿಂತರು. ಹದಿನೆಂಟೂ ಮಕ್ಕಳು ಆಟ ಬಿಟ್ಟು ಅವರನ್ನೇ ನೋಡಿದವು.

“ಎಲ್ಲಿಡ್ಲಿ ಟೀಚರ್ ಇದನ್ನ?”

ಅಮ್ಮ ಚಾವಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಅವರೂ ತಲೆಯೆತ್ತಿ ನೋಡಿದರು.

“ಎಲ್ಲಿ ಬೇಕಾದ್ರೂ ಇಡಿ ಸರ್” ಎಂದಳು ಅಮ್ಮ.